16 ತಟ್ಟೆಯ ಆಸೆ, 12 ತಟ್ಟೆಯ ಟ್ರ್ಯಾಕ್ಟರ್

ಮೊನ್ನೆ ಭಾನುವಾರ ಸಂಜೆ ಆರೂವರೆಗೆ ಕೊನೆಯ ಸಾಲು ಮುಗಿಸಿ ಟ್ರ್ಯಾಕ್ಟರ್ ಆಫ್ ಮಾಡಿದೆ. ಒಂದು ಹಳೇ ಡಿಸ್ಕ್ ಹ್ಯಾರೋ (ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ, ಸಾಲಾಗಿ ಉಕ್ಕಿನ ತಟ್ಟೆಗಳಿರುವ ಉಳುಮೆ ಸಲಕರಣೆ) ಹುಡುಕಿ, ತಂದು, ರಿಪೇರಿ ಮಾಡಿಸಿ, ನಮ್ಮ ಟ್ರ್ಯಾಕ್ಟರ್‌ಗೆ ಹೊಂದಿಸಿ ಹೊಲಕ್ಕೆ ಇಳಿಸುವಷ್ಟರಲ್ಲಿ ಸರಿಯಾಗಿ 11 ವಾರ ಹಿಡಿಯಿತು. ಅದರಲ್ಲಿ ಅರ್ಧ ನನ್ನ ದಡ್ಡತನಕ್ಕೇ ಹೋಯಿತು. ನಿಮ್ಮದೂ ಹೋಗದಿರಲಿ ಅಂತ ನಡೆದದ್ದು ನಡೆದ ಹಾಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ನಾನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಮನೆ ದಾಸರಹಳ್ಳಿ. ಹೊಲ ಇರುವುದು ದೊಡ್ಡಬಳ್ಳಾಪುರದ ಕಡೆ, 4 ಎಕರೆ 12 ಗುಂಟೆ. ಕೆಮ್ಮಣ್ಣು, ಅರ್ಧ ಭಾಗ ಇಳಿಜಾರು. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಎರಡು ವರ್ಷದಿಂದ ವಾರಕ್ಕೊಂದು ದಿನ ನಾನೇ ಹೋಗಿ ಉಳುಮೆ ಮಾಡುತ್ತೇನೆ. ಟ್ರ್ಯಾಕ್ಟರ್ 2009ರದು, 39 ಎಚ್‌ಪಿ. ಅದಕ್ಕೆ ಇದ್ದದ್ದು 9 ಗುಳದ ಕಲ್ಟಿವೇಟರ್ ಒಂದೇ. ರಾಗಿ ಹಾಕುವಾಗ ಅದೇ ಸಾಕಾಗಿತ್ತು. ಮುಸುಕಿನ ಜೋಳ ಹಾಕಲು ಶುರು ಮಾಡಿದ ಮೇಲೆ ತಲೆನೋವು ಬಂತು. ಕೂಳೆ ಎಲ್ಲ ಗುಳಕ್ಕೆ ಸಿಕ್ಕಿಕೊಳ್ಳುತ್ತದೆ, ಅದರ ಜೊತೆ ಗರಿಕೆ. 20 ಮೀಟರ್ ಹೋದರೆ ಸಾಕು, ಹಿಂದೆ ಹುಲ್ಲಿನ ಮೆದೆಯನ್ನೇ ಎಳೆದುಕೊಂಡು ಹೋಗುತ್ತಿರುತ್ತೇವೆ. ಇಳಿದು ಕಿತ್ತು ಹಾಕು, ಮತ್ತೆ ಹತ್ತು. ಕೂಳೆ ಕತ್ತರಿಸಿ ಮಣ್ಣಿಗೆ ಸೇರಿಸಬೇಕು ಅಂದರೆ ಡಿಸ್ಕೇ ಬೇಕು.

ಬಾಡಿಗೆಗೆ ಯಾಕೆ ಮಾಡಿಸಲಿಲ್ಲ ಅಂತ ಕೇಳಬಹುದು. ಮಾಡಿಸಿದ್ದೆ. ನಮ್ಮ ಕಡೆ ಗಂಟೆಗೆ 1,100 ರೂಪಾಯಿ ಕೊಟ್ಟಿದ್ದೇನೆ. ಸಮಸ್ಯೆ ದುಡ್ಡಿನದಲ್ಲ. ಮಳೆ ಬಿದ್ದ ಮಾರನೇ ದಿನ ಎಲ್ಲರಿಗೂ ಅದೇ ಗಾಡಿ ಬೇಕು. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರದಲ್ಲೂ ಅದೇ ಕ್ಯೂ. ಹೋದ ವರ್ಷ ನನ್ನ ಸರದಿ ಬರಲು 9 ದಿನ ಆಯಿತು, ಅಷ್ಟರಲ್ಲಿ ಹದ ಹೋಗಿ ನೆಲ ಕಲ್ಲಾಗಿತ್ತು. ಕೆಮ್ಮಣ್ಣು ಹೇಗೆ ಅಂತ ಗೊತ್ತಲ್ಲ, ಒಣಗಿದರೆ ಗುದ್ದಲಿಯೇ ವಾಪಸ್ ಬರುತ್ತದೆ.

ಫೆಬ್ರವರಿಯಲ್ಲಿ ಮೊದಲು ಹೋದದ್ದು ರೈತ ಸಂಪರ್ಕ ಕೇಂದ್ರಕ್ಕೆ. ಹೊಸ ಉಪಕರಣಕ್ಕೆ ಸಾಮಾನ್ಯ ವರ್ಗದವರಿಗೆ ಅರ್ಧದಷ್ಟು ಸಹಾಯಧನ ಇದೆಯಲ್ಲ, ಅದಕ್ಕೆ. ಪಹಣಿ, ಆಧಾರ್, ಪಾಸ್‌ಬುಕ್, ಫೋಟೊ, ಫ್ರೂಟ್ಸ್ (ಸರ್ಕಾರದ ರೈತರ ಪಟ್ಟಿ) ನೋಂದಣಿ ಸಂಖ್ಯೆ, ಎಲ್ಲ ಹಿಡಿದುಕೊಂಡೇ ಹೋಗಿದ್ದೆ. ಪಹಣಿಯಲ್ಲಿ ಅಪ್ಪನ ಹೆಸರಿನ ಜೊತೆ ತಾತನ ಹೆಸರು ಪೂರ್ತಿ ಇದೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ಸಾಲದ್ದಕ್ಕೆ ಪಹಣಿ ಚಿಕ್ಕಪ್ಪನ ಜೊತೆ ಜಂಟಿ. ಅವರ ಒಪ್ಪಿಗೆ ಬರೆಸಿಕೊಂಡು ಬರಲು ಒಂದು ಶನಿವಾರ ಹೋಯಿತು, ಹೆಸರು ಸರಿ ಮಾಡಿಸಲು ಇನ್ನೆರಡು. ಕೊನೆಗೆ ಅರ್ಜಿ ತೆಗೆದುಕೊಂಡರು. ಆದರೆ ಈ ವರ್ಷದ ಹಣ ಮುಗಿದಿದೆ, ಹೊಸ ಆರ್ಥಿಕ ವರ್ಷದಲ್ಲಿ ಪಟ್ಟಿ ಬರುತ್ತದೆ, ನಿಮ್ಮ ಸರದಿ ಯಾವಾಗ ಅಂತ ಈಗ ಹೇಳಲು ಆಗುವುದಿಲ್ಲ ಅಂದರು. ಅಲ್ಲಿನ ಹುಡುಗಿ ಪಾಪ ನಯವಾಗಿಯೇ ಹೇಳಿದಳು. ಮಳೆಗೆ ಮಾತ್ರ ಈ ಪಟ್ಟಿ ಗಿಟ್ಟಿ ಯಾವುದೂ ಗೊತ್ತಿಲ್ಲವಲ್ಲ. ಹೊರಗೆ ಬಂದು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳೋಣ ಅಂತ ತೀರ್ಮಾನಿಸಿದೆ. ಸೆಕೆಂಡ್ ಹ್ಯಾಂಡ್‌ಗೆ ಸಹಾಯಧನ ಇಲ್ಲ, ಅದು ನಿಮಗೂ ಗೊತ್ತಿರಲಿ.

ಇನ್ನು ನನ್ನ ದಡ್ಡತನದ ವಿಷಯ. ಮೊಬೈಲ್‌ನಲ್ಲಿ ಒಂದು ಜಾಹೀರಾತು ಸಿಕ್ಕಿತು, ಮಾಲೂರು ಕಡೆಯದು. 16 ತಟ್ಟೆಯ ಹ್ಯಾರೋ, 34,000 ರೂಪಾಯಿ. ಫೋಟೊದಲ್ಲಿ ಕೆಂಪು ಬಣ್ಣ ಹೊಡೆದು ಮದುಮಗಳ ಹಾಗೆ ನಿಲ್ಲಿಸಿದ್ದರು. ನನ್ನ ಲೆಕ್ಕ ಸುಲಭ. ತಟ್ಟೆ ಜಾಸ್ತಿ ಇದ್ದರೆ ಅಗಲ ಜಾಸ್ತಿ, ಅಗಲ ಜಾಸ್ತಿ ಇದ್ದರೆ ಬೇಗ ಮುಗಿಯುತ್ತದೆ, ಭಾನುವಾರ ಮಧ್ಯಾಹ್ನದ ಊಟಕ್ಕೆ ಮನೆಗೆ. ಫೋನ್‌ನಲ್ಲಿ ಕೇಳಿದೆ, 39 ಎಚ್‌ಪಿ ಎಳೆಯುತ್ತಾ ಅಂತ. "ಆರಾಮಾಗಿ ಎಳೆಯುತ್ತೆ ಸಾರ್, ನಮ್ಮ ಭಾಮೈದ 35ರಲ್ಲೇ ಓಡಿಸ್ತಾನೆ" ಅಂದ. ತೂಕ ಕೇಳಿದರೆ ಸುಮಾರು 500 ಕೆಜಿ. ನಮ್ಮ ಟ್ರ್ಯಾಕ್ಟರ್ ಪುಸ್ತಕ ತೆಗೆದು ನೋಡಿದೆ, ಲಿಫ್ಟ್ (ಸಲಕರಣೆ ಎತ್ತುವ ಹಿಂದಿನ ತೋಳುಗಳು) 1,200 ಕೆಜಿ ಎತ್ತುತ್ತದೆ ಅಂತ ಇತ್ತು. ಅರ್ಧಕ್ಕಿಂತ ಕಮ್ಮಿ, ಇನ್ನೇನು ಬೇಕು? 2,000 ಅಡ್ವಾನ್ಸ್ ಕಳಿಸಿಯೇ ಬಿಟ್ಟೆ.

ಅದೇ ವಾರ ಯಲಹಂಕದಲ್ಲಿ ಒಂದು ಮದುವೆ. ನಮ್ಮ ಭಾವ ಜಿಕೆವಿಕೆಯಲ್ಲಿ ಕೃಷಿ ಎಂಜಿನಿಯರಿಂಗ್ ಓದಿದವರು. ಊಟ ಆಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಹೆಮ್ಮೆಯಿಂದ ಹೇಳಿದೆ, 16 ತಟ್ಟೆಯದು ತಗೊಂಡೆ ಭಾವ ಅಂತ. ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಎತ್ತೋದು ಬೇರೆ, ಎಳೆಯೋದು ಬೇರೆ ಕಣಯ್ಯ. ಅದನ್ನ ಎತ್ತಿ ಪ್ರದರ್ಶನಕ್ಕೆ ಇಡ್ತೀಯೋ, ಉಳ್ತೀಯೋ?" ಅಂದರು. ಜೇಬಿನಿಂದ ಪೆನ್ನು ತೆಗೆದು ಯಾರದೋ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಲೆಕ್ಕ ಹಾಕಿ ತೋರಿಸಿದರು. ಆ ಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ. ಆ ಲೆಕ್ಕ ಹೀಗೆ.

ಬಾನೆಟ್ ಮೇಲೆ ಬರೆದಿರುವ 39 ಎಂಜಿನ್‌ನದು. ಪಿಟಿಒ (ಸಲಕರಣೆ ತಿರುಗಿಸಲು ಹಿಂದೆ ಇರುವ ಶಾಫ್ಟ್) ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 34. ಅಲ್ಲಿಂದ ಚಕ್ರಕ್ಕೆ, ಚಕ್ರದಿಂದ ನೆಲಕ್ಕೆ, ಗಟ್ಟಿ ನೆಲದಿಂದ ಉತ್ತ ನೆಲಕ್ಕೆ ಹೋಗುತ್ತಾ ಪ್ರತಿ ಹಂತದಲ್ಲೂ ಸೋರಿಕೆ. ಒರಟು ಲೆಕ್ಕಕ್ಕೆ 34ನ್ನು ನಾಲ್ಕು ಸಲ 0.86ರಿಂದ ಗುಣಿಸು ಅಂದರು. 29, 25, 21, ಕೊನೆಗೆ 18 ಚಿಲ್ಲರೆ. ಒಮ್ಮೆ ಉತ್ತಿರುವ ಹೊಲದಲ್ಲಿ ಎಳೆಯಲು ನಿಜವಾಗಿ ಕೈಗೆ ಸಿಗುವುದು ಅಷ್ಟೇ. 39 ಅಂತ ಇಷ್ಟು ವರ್ಷ ಎದೆ ಉಬ್ಬಿಸಿದ್ದು ನೆನಪಾಗಿ ಹೊಟ್ಟೆ ಉರಿಯಿತು.

ಇನ್ನೊಂದು ಕಡೆ ಹ್ಯಾರೋ ಎಷ್ಟು ಕೇಳುತ್ತದೆ ಅನ್ನುವುದು. ಎಳೆತ ಕೆಜಿಯಲ್ಲಿ, ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿ, ಎರಡನ್ನೂ ಗುಣಿಸಿ 270ರಿಂದ ಭಾಗಿಸಿದರೆ ಎಚ್‌ಪಿ. 12 ಸೆಂಟಿಮೀಟರ್ ಆಳ, ಗಂಟೆಗೆ 5 ಕಿಲೋಮೀಟರ್ ಅಂತ ಇಟ್ಟುಕೊಂಡರು. 16 ತಟ್ಟೆ ಅಂದರೆ ಸುಮಾರು 1.75 ಮೀಟರ್ ಅಗಲ, ಎಳೆತ ಹತ್ತಿರ ಹತ್ತಿರ 980 ಕೆಜಿ, ಅಂದರೆ 18 ಎಚ್‌ಪಿ. 14 ತಟ್ಟೆಗೆ ಒಂದೂವರೆ ಮೀಟರ್, 840 ಕೆಜಿ, ಹದಿನೈದೂವರೆ. 12 ತಟ್ಟೆಗೆ ಒಂದೂಕಾಲು ಮೀಟರ್, 700 ಕೆಜಿ, 13. ಜೇಡಿ ನೆಲವಾದರೆ ಇದಕ್ಕಿಂತ ಜಾಸ್ತಿ, ಮರಳು ನೆಲವಾದರೆ ಕಮ್ಮಿ. ಸಿಗುವುದೇ 18, ಕೇಳುವುದೂ 18. ಅದೂ ಎಂಜಿನ್ ಹೊಸದಾಗಿದ್ದರೆ, ಟೈರ್ ಚೆನ್ನಾಗಿದ್ದರೆ, ನೆಲ ಸಮ ಇದ್ದರೆ. ನಮ್ಮದು ಮೂರೂ ಇಲ್ಲ.

ಲಿಫ್ಟ್ ವಿಷಯದಲ್ಲೂ ನಾನು ಎಡವಿದ್ದೆ. 1,200 ಕೆಜಿ ಅನ್ನುವುದು ಕೆಳಗಿನ ಎರಡು ತೋಳಿನ ತುದಿಯಲ್ಲಿ ಅಳೆದದ್ದು. ಹ್ಯಾರೋದ ಭಾರ ಅಲ್ಲಿಂದ ಎರಡು ಮೂರು ಅಡಿ ಹಿಂದೆ ಇರುತ್ತದೆ. ಎಷ್ಟು ಹಿಂದೆ ಹೋದರೆ ಅಷ್ಟು ಮುಂದಿನ ಚಕ್ರ ಹಗುರ. ಲಿಫ್ಟ್ ಎತ್ತಿಬಿಡಬಹುದು, ಆಮೇಲೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಮಾಲೂರಿಗೆ ಫೋನ್ ಮಾಡಿ ಬೇಡ ಅಂದೆ. ಅಡ್ವಾನ್ಸ್ ವಾಪಸ್ ಬರಲಿಲ್ಲ. ನೋಡದೆ ದುಡ್ಡು ಕಳಿಸಿದವನು ನಾನೇ, ಯಾರನ್ನು ಬೈಯಲಿ.

ಹಾಗಾದರೆ 14 ತಟ್ಟೆಯದು ಸರಿ ಅಂತ ಹುಡುಕಾಟ ಶುರುವಾಯಿತು. ಕಾಗದದ ಮೇಲೆ ಹೊಂದುತ್ತಿತ್ತಲ್ಲ. ನೆಲಮಂಗಲದ ಹತ್ತಿರ ಒಂದು ಸಿಕ್ಕಿತು, ತುಂಬಾ ಚೆನ್ನಾಗಿತ್ತು, ತಟ್ಟೆ ಇನ್ನೂ ಸವೆದೇ ಇರಲಿಲ್ಲ. ಅಷ್ಟು ಹೊಸದನ್ನು ಯಾಕೆ ಮಾರುತ್ತಿದ್ದೀರಿ ಅಂತ ಕೇಳಿದರೆ ಮಾತು ತಿರುಗಿಸಿದರು. ಫ್ರೇಮ್ ಮೇಲಿನ ಪ್ಲೇಟಿನ ನಂಬರ್‌ನ ಫೋಟೊ ತೆಗೆಯಲು ಹೋದಾಗ ಗೊತ್ತಾಯಿತು, ಅದು ಸಹಾಯಧನದಲ್ಲಿ ತೆಗೆದುಕೊಂಡದ್ದು, ಮಾರುವುದಿಲ್ಲ ಅಂತ ಬಾಂಡ್ ಬರೆದುಕೊಟ್ಟಿದ್ದಾರೆ, ಅದರ ಅವಧಿ ಇನ್ನೂ ಮುಗಿದಿಲ್ಲ. "ಯಾರು ಬಂದು ನೋಡ್ತಾರೆ ಬಿಡಿ" ಅಂದರು. ಯಾರೂ ನೋಡದೇ ಇರಬಹುದು. ಆದರೆ ನಾಳೆ ನನ್ನದೇ ಅರ್ಜಿ ಅದೇ ಇಲಾಖೆಯ ಮುಂದೆ ಇರುತ್ತದೆ. ಬಿಟ್ಟು ಬಂದೆ. ಡಿಸ್ಕ್ ಹ್ಯಾರೋಗೆ ಟ್ರ್ಯಾಕ್ಟರ್ ಥರ ಆರ್‌ಸಿ ಇರುವುದಿಲ್ಲ. ಹಾಗಾಗಿ ಮೂಲ ಬಿಲ್ ಇದೆಯಾ, ಸಾಲದಲ್ಲಿ ತೆಗೆದುಕೊಂಡದ್ದಾ, ಸಹಾಯಧನದ್ದಾ, ಇದನ್ನೆಲ್ಲ ನಾವೇ ಕೇಳಿ ತಿಳಿದುಕೊಳ್ಳಬೇಕು.

ಇದರಿಂದ ಒಂದು ಒಳ್ಳೆಯದಾಯಿತು. ಕೊಳ್ಳುವ ಮೊದಲು ಒಂದು ಸಲ ನಮ್ಮ ಹೊಲದಲ್ಲೇ ಎಳೆದು ನೋಡು ಅಂತ ಭಾವ ಅಂದರು. ಪಕ್ಕದ ಹೊಲದ ಅಣ್ಣನ ಹತ್ತಿರ 50 ಎಚ್‌ಪಿ ಗಾಡಿ, 14 ತಟ್ಟೆಯ ಹ್ಯಾರೋ ಇತ್ತು. ಹ್ಯಾರೋ ಒಂದು ಗಂಟೆ ಕೊಡಣ್ಣ ಅಂತ ಕೇಳಿ ನಮ್ಮ ಟ್ರ್ಯಾಕ್ಟರ್‌ಗೇ ಕಟ್ಟಿದೆ. ಮಾರ್ಚ್ ಕೊನೆಯಲ್ಲಿ ಒಂದು ಹದ ಮಳೆ ಬಿದ್ದ ಮೂರನೇ ದಿನ.

ಇದಕ್ಕೆ ಬೇಕಾದದ್ದು ಒಂದು ಸೀಮೆಸುಣ್ಣ, ಒಂದು ಟೇಪು, ನಾಲ್ಕು ಗೂಟ. ಹಿಂದಿನ ಟೈರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ದಪ್ಪ ಗೀಟು ಎಳೆದೆ. ಮೊದಲು ಹ್ಯಾರೋ ಎತ್ತಿಕೊಂಡೇ ಅದೇ ಹೊಲದಲ್ಲಿ ನಡೆಸಿದೆ. ಗೀಟು ನೆಲ ಮುಟ್ಟಿದಾಗ ಒಂದು ಗೂಟ, 10 ಸುತ್ತು ಆದ ಮೇಲೆ ಇನ್ನೊಂದು. ಪಕ್ಕದಲ್ಲಿ ಅಪ್ಪ ಕೋಲೂರಿಕೊಂಡು ನಡೆಯುತ್ತಾ ಸುತ್ತು ಎಣಿಸುತ್ತಿದ್ದರು, ಆರಾದ ಮೇಲೆ ಎಂಟು ಅಂದುಬಿಟ್ಟರು, ಮತ್ತೆ ಮೊದಲಿಂದ. ಅಳೆದರೆ 39.2 ಮೀಟರ್. ಆಮೇಲೆ ಹ್ಯಾರೋ ಇಳಿಸಿ ಅದೇ ಗೇರ್‌ನಲ್ಲಿ, ಅದೇ ರೇಸ್‌ನಲ್ಲಿ 10 ಸುತ್ತು. 31 ಮೀಟರ್ ಬಂತು. ಅಂದರೆ ಚಕ್ರ ತಿರುಗಿದ 100 ಪಾಲಿನಲ್ಲಿ 21 ಪಾಲು ಸುಮ್ನೆ ಜಾರಿದೆ. 10ರಿಂದ 15ರ ಒಳಗಿದ್ದರೆ ಸರಿ, ಅದಕ್ಕಿಂತ ಮೇಲೆ ಹೋದರೆ ಡೀಸೆಲ್ಲೂ ಹೋಯಿತು, ಟೈರೂ ಹೋಯಿತು ಅಂತ ಭಾವ ಮೊದಲೇ ಹೇಳಿದ್ದರು. ಎಂಜಿನ್ ಮಾತ್ರ ಅಷ್ಟೇನೂ ಮುಕ್ಕಿರಲಿಲ್ಲ. ಕಿವಿಗೆ ಎಲ್ಲ ಸರಿ ಅನಿಸುತ್ತಿತ್ತು. ಗೂಟ ಇಲ್ಲದಿದ್ದರೆ ನಾನು ಖುಷಿಯಾಗಿ 14 ತಟ್ಟೆ ಕೊಂಡು ತರುತ್ತಿದ್ದೆ.

ಮುಂದಿನ ವಾರ ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿ ಮತ್ತೆ ನೋಡಿದೆವು. ವಾಲ್ವ್ ಮೇಲೆ ಬರುವ ಹಾಗೆ ಚಕ್ರ ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ನೀರು, ಮೇಲೆ ಗಾಳಿ. 33 ಮೀಟರ್ ಚಿಲ್ಲರೆ, ಜಾರುವುದು 16ಕ್ಕೆ ಇಳಿಯಿತು. ಸಮ ನೆಲದಲ್ಲಿ ಅಷ್ಟು. ಇಳಿಜಾರಿನಲ್ಲಿ ಮೇಲಕ್ಕೆ ಹತ್ತುವಾಗ ಹಿಂದಿನ ಚಕ್ರ ನಿಂತಲ್ಲೇ ಗುಂಡಿ ತೋಡಲು ಶುರು ಮಾಡಿತು. ಅಪ್ಪ ಕೈ ಅಡ್ಡ ಹಿಡಿದು, "ಸಾಕು ಬುಡಪ್ಪ, ಅದರ ಪ್ರಾಣ ತೆಗೀಬೇಡ" ಅಂದರು.

ಲಗ್ನಪತ್ರಿಕೆ 16 ತಟ್ಟೆಯನ್ನು ತೆಗೆದುಹಾಕಿತು, ಸೀಮೆಸುಣ್ಣ 14ನ್ನು. ಉಳಿದದ್ದು 12. ಸ್ವಲ್ಪ ಬೇಜಾರೇ ಆಯಿತು, ಆಮೇಲೆ ಸಮಯದ ಲೆಕ್ಕ ಹಾಕಿದೆ. 12 ತಟ್ಟೆಯಲ್ಲಿ ಗಂಟೆಗೆ ಹೆಚ್ಚುಕಮ್ಮಿ ಒಂದು ಎಕರೆ ನಾಲ್ಕು ಗುಂಟೆ, 14ರಲ್ಲಿ ಒಂದು ಎಕರೆ ಹದಿಮೂರು. ನಮ್ಮ ಪೂರ್ತಿ ಹೊಲಕ್ಕೆ ವ್ಯತ್ಯಾಸ ಮುಕ್ಕಾಲು ಗಂಟೆಯೂ ಇಲ್ಲ. ಆ ಮುಕ್ಕಾಲು ಗಂಟೆಗಾಗಿ ಕ್ಲಚ್, ಟೈರ್ ಎಲ್ಲ ತಿಂದು ಹಾಕುವುದಾ?

12 ತಟ್ಟೆಯದು ಸಿಕ್ಕಿದ್ದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ. ಹೊಲ ಲೇಔಟ್ ಆಗಿ ಕಲ್ಲು ನೆಟ್ಟಾಗಿತ್ತು, ಸಾಮಾನೆಲ್ಲ ಮಾರುತ್ತಿದ್ದರು. ಯಜಮಾನರು ಹ್ಯಾರೋ ತೋರಿಸಿ, ಹಿಂದೆ ಸೈಟುಗಳ ನಡುವೆ ಒಂಟಿಯಾಗಿ ಉಳಿದಿದ್ದ ಹುಣಸೆ ಮರದ ಕಡೆ ಕೈ ಮಾಡಿ, "ಇದರ ಕೆಳಗೇ ನಿಲ್ಲಿಸ್ತಿದ್ದೆ" ಅಂದರು. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ನನ್ನ ಕಸುಬಿನ ಚಟ, ವರ್ನಿಯರ್ ಮತ್ತು ಟೇಪು ಹಿಡಿದೇ ಹೋಗಿದ್ದೆ. ತಟ್ಟೆ ಹೊಸದರಲ್ಲಿ 22 ಇಂಚು, ಅಂದರೆ 560 ಮಿಲಿಮೀಟರ್. ಒಂದೊಂದನ್ನೂ ಅಳೆದೆ. ಮುಂದಿನ ಸಾಲಿನ ಹಲ್ಲು ಹಲ್ಲಿನ ತಟ್ಟೆಗಳು 505ರಿಂದ 515, ಹಿಂದಿನ ನುಣುಪು ಅಂಚಿನವು 520ರ ಸುತ್ತ. ಒಂದು ಮಾತ್ರ 480, ಯಾವಾಗಲೋ ಹಳೆಯದೊಂದನ್ನು ತಂದು ಹಾಕಿದ್ದಾರೆ. ತಟ್ಟೆ ಸವೆದಷ್ಟೂ ಆಳ ಕಮ್ಮಿ. ಒಂದು ಸಾಲಿನಲ್ಲಿ ಒಂದು ಚಿಕ್ಕದಿದ್ದರೆ ಆ ಜಾಗದಲ್ಲಿ ಮಣ್ಣು ಹಾಗೇ ಉಳಿಯುತ್ತದೆ. ನೀವೂ ಅಳೆಯಿರಿ, ಪೇಂಟ್ ನೋಡಿ ಮರುಳಾಗಬೇಡಿ. ಆಮೇಲೆ ಎರಡು ಕೈಯಲ್ಲಿ ತಟ್ಟೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ಅಲ್ಲಾಡುವುದು ತಟ್ಟೆ ಮಾತ್ರವಾದರೆ ಗ್ಯಾಂಗಿನ (ಒಂದೇ ರಾಡಿಗೆ ಪೋಣಿಸಿದ ತಟ್ಟೆಗಳ ಸಾಲಿನ) ನಟ್ ಸಡಿಲ ಇದೆ, ಹಾಗೇ ಓಡಿಸಿದ್ದರೆ ಒಳಗಿನ ಚೌಕದ ರಾಡು ಮತ್ತು ತಟ್ಟೆಯ ಚೌಕದ ತೂತು ಎರಡೂ ತಿಂದು ಹೋಗಿರುತ್ತವೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ. ಫ್ರೇಮಿನ ಮೂಲೆಗಳಲ್ಲಿ ಹಳೇ ವೆಲ್ಡಿಂಗ್ ಹುಡುಕಿ. ಇದರಲ್ಲಿ ಒಂದು ಕಡೆ ಇತ್ತು, ಗಟ್ಟಿಯಾಗಿಯೇ ಹೊಡೆದಿದ್ದರು. ಬೇರಿಂಗ್ ಎರಡು ಹೋಗಿದ್ದವು. ಮಣ್ಣು ಕೆರೆಯುವ ಸ್ಕ್ರೇಪರ್‌ಗಳು ಅರ್ಧದಷ್ಟು ಇರಲೇ ಇಲ್ಲ.

ತೂಕವನ್ನೂ ಕೇಳಿ. ಇದು 380 ಕೆಜಿ, ಅಂದರೆ ತಟ್ಟೆಗೆ 30 ಕೆಜಿ ಚಿಲ್ಲರೆ. ಡಿಸ್ಕ್ ನೆಲಕ್ಕೆ ಇಳಿಯುವುದು ತನ್ನ ಭಾರದಿಂದಲೇ, ಕಲ್ಟಿವೇಟರ್ ಗುಳದ ಹಾಗೆ ತಾನೇ ಒಳಗೆ ಎಳೆದುಕೊಂಡು ಹೋಗುವುದಿಲ್ಲ. ಅದಕ್ಕೇ ಹಗುರ ಹ್ಯಾರೋ ಕೊಂಡವರು ಮೇಲೆ ಆಳನ್ನು ಕೂರಿಸುತ್ತಾರೆ. ದಮ್ಮಯ್ಯ, ಅದೊಂದು ಮಾಡಬೇಡಿ. ಕಾಲು ಜಾರಿದರೆ ಕೆಳಗಿರುವುದು ಹರಿತವಾದ ತಟ್ಟೆ. ಭಾರ ಬೇಕಿದ್ದರೆ ಮರಳಿನ ಚೀಲ ಬಿಗಿಯಾಗಿ ಕಟ್ಟಿ.

38,000 ಹೇಳಿದರು, 31,000ಕ್ಕೆ ಮುಗಿಯಿತು. ಹೊಸದಕ್ಕೆ ನನಗೆ ಸಿಕ್ಕ ಕೊಟೇಶನ್ 68,000 ಇತ್ತು. ಹೊಸದರ ಬೆಲೆ ಕೇಳುವಾಗ ಒಂದು ನೆನಪಿರಲಿ, 2025ರ ಸೆಪ್ಟೆಂಬರ್ 22ರಿಂದ ಕೃಷಿ ಉಪಕರಣಗಳ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೇ ರೇಟು ಮನಸ್ಸಿನಲ್ಲಿಟ್ಟುಕೊಂಡು ಸೆಕೆಂಡ್ ಹ್ಯಾಂಡ್‌ಗೆ ಜಾಸ್ತಿ ಕೊಡಬೇಡಿ. ಯಜಮಾನರ ಮಗ ಮೂಲ ಬಿಲ್ ಹುಡುಕಿ ಕೊಟ್ಟ, ಸಾಲ ಇಲ್ಲ, ಸಹಾಯಧನ ಇಲ್ಲ. ಮಾರಿದ್ದೇನೆ ಅಂತ ಒಂದು ಕಾಗದ ಬರೆಸಿ ಸಹಿ ಹಾಕಿಸಿಕೊಂಡೆ, ನಂಬರ್ ಪ್ಲೇಟಿನ ಫೋಟೊ ಜೊತೆಗಿಟ್ಟೆ.

ಸಾಗಿಸುವುದು ಸುಲಭ ಅಂದುಕೊಂಡಿದ್ದೆ. ಪಿಕಪ್ ಬಂತು, ಎತ್ತಿ ಇಡಲು ಜನ ಇಲ್ಲ. ನಾಲ್ಕು ಜನ ಎತ್ತುವ ಸಾಮಾನಲ್ಲ ಅದು. ಲೇಔಟ್ ಕೆಲಸಕ್ಕೆ ಬಂದಿದ್ದ ಜೆಸಿಬಿಯವನು 800 ತೆಗೆದುಕೊಂಡು ಎತ್ತಿಟ್ಟ. ನಮ್ಮೂರಲ್ಲಿ ಪಕ್ಕದ ಹೊಲದ ಅಣ್ಣನ ಟ್ರ್ಯಾಕ್ಟರ್ ಲಿಫ್ಟಿಗೆ ಚೈನ್ ಕಟ್ಟಿ ಇಳಿಸಿದೆವು. ಹಳೇ ಟೈರು ಹಾಸಿ ಅದರ ಮೇಲೆ ಇಟ್ಟರೆ ಪಿಕಪ್ ತಳ ತೂತಾಗುವುದಿಲ್ಲ, ಡ್ರೈವರ್ ಬೈಗುಳವೂ ತಪ್ಪುತ್ತದೆ.

ಮಾರನೇ ದಿನ ಟ್ರ್ಯಾಕ್ಟರ್‌ಗೆ ಸಿಗಿಸಲು ಹೋದೆ. ಸೇರಲಿಲ್ಲ. ಇಷ್ಟೆಲ್ಲ ಅಳೆದವನು ಪಿನ್ ಅಳೆದಿರಲಿಲ್ಲ! ವರ್ನಿಯರ್ ಜೇಬಲ್ಲೇ ಇತ್ತು. ಹ್ಯಾರೋ ಮೊದಲು ದೊಡ್ಡ ಗಾಡಿಯ ಹಿಂದೆ ಇದ್ದದ್ದು, ಅದರದು ಎರಡನೇ ಕೆಟಗರಿ (ಟ್ರ್ಯಾಕ್ಟರ್‌ಗೆ ಸಿಗಿಸುವ ಜೋಡಣೆಯ ಅಳತೆಯ ವರ್ಗ), ಪಿನ್ 28 ಮಿಲಿಮೀಟರ್. ನಮ್ಮ ಟ್ರ್ಯಾಕ್ಟರ್ ತೋಳಿನ ತುದಿಯ ಗುಂಡಿನ ತೂತು ಒಂದನೇ ಕೆಟಗರಿ, 22ರ ಪಿನ್ನಿಗೆ. ಮೇಲಿನ ಟಾಪ್ ಲಿಂಕ್‌ನಲ್ಲೂ ಹಾಗೇ, ಹ್ಯಾರೋದ್ದು 25, ನಮ್ಮದು 19. ಆ ಹೊತ್ತಿಗೆ ಅಪ್ಪನ ಮುಖ ನೋಡಲು ಆಗಲಿಲ್ಲ ನನಗೆ.

ಇಲ್ಲಿ ಮಾತ್ರ ನನ್ನ ಕಸುಬು ಕೈ ಹಿಡಿಯಿತು. ಸೋಮವಾರ ಶಿಫ್ಟ್ ಮುಗಿದ ಮೇಲೆ ಮಾಲೀಕರನ್ನು ಕೇಳಿ ಇಎನ್8 ಅನ್ನುವ ಉಕ್ಕಿನ ರಾಡಿನ ಎರಡು ತುಂಡು ತೆಗೆದುಕೊಂಡೆ. ತೋಳು ಕೂರುವ ಕಡೆ 21.8ಕ್ಕೆ ಇಳಿಸಿದೆ, ಫ್ರೇಮ್ ಕಡೆ ಹಳೇ ಪಿನ್ನಿನ ಅಳತೆಯನ್ನೇ ಇಟ್ಟು ಥ್ರೆಡ್ ಹಾಕಿದೆ. ಎರಡರ ನಡುವಿನ ಮೆಟ್ಟಿಲನ್ನು ಚೂಪಾಗಿ ಬಿಡದೆ ಉರುಟು ಮಾಡಿದೆ, ಚೂಪಾಗಿದ್ದರೆ ಪಿನ್ ಮುರಿಯುವುದು ಅಲ್ಲೇ. ತುದಿಗೆ ಲಾಕ್ ಪಿನ್ನಿನ ತೂತು. ಟಾಪ್ ಲಿಂಕ್‌ಗೆ ಹೊರಗೆ 25, ಒಳಗೆ 19ರ ಎರಡು ಬುಶ್. ನೀಲಿ ಸುರುಳಿ ಚಿಪ್ಸ್ ಕಾಲ ಕೆಳಗೆ ಬೀಳುತ್ತಿದ್ದರೆ ಮೊದಲ ಸಲ ನನ್ನ ಸ್ವಂತ ಹೊಲಕ್ಕೆ ಏನೋ ಮಾಡುತ್ತಿದ್ದೇನೆ ಅನಿಸಿತು. ಲೇತ್ ಇಲ್ಲದವರು ಹೆದರಬೇಡಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ರೆಡಿ ಪಿನ್, ಬುಶ್ ಸಿಗುತ್ತವೆ. ಆದರೆ 28ರ ತೂತಿಗೆ 22ರ ಪಿನ್ ತೂರಿಸಿ ಹಾಗೇ ಓಡಿಸುತ್ತಾರಲ್ಲ, ಅದು ಬೇಡ. ಎರಡೇ ದಿನದಲ್ಲಿ ತೂತು ಮೊಟ್ಟೆ ಆಕಾರ ಆಗುತ್ತದೆ. ಪಿನ್ ಸರಿಹೋದರೂ ಎರಡನೇ ಕೆಟಗರಿಯ ಹ್ಯಾರೋದಲ್ಲಿ ಪಿನ್‌ಗಳ ನಡುವಿನ ಅಂತರ ಜಾಸ್ತಿ. ತೋಳು ಅಗಲಿಸಿ ಕೂರಿಸಬೇಕು, ಎತ್ತಿದಾಗ ಟೈರಿಗೆ ತಾಗುತ್ತದಾ ನೋಡಿ, ಪಕ್ಕದ ಚೈನ್‌ಗಳನ್ನು ಮತ್ತೆ ಬಿಗಿ ಮಾಡಿ.

ಭರಣಿ ಮಳೆ ಈ ಸಲ ಕೈ ಕೊಡಲಿಲ್ಲ. ಮೇ ಮೊದಲ ವಾರ ಹದ ನೋಡಿ ಇಳಿಸಿದೆ. ಮೊದಲ ಸುತ್ತಿನಲ್ಲೇ ಗಾಡಿ ಎಡಕ್ಕೆ ಎಳೆಯತೊಡಗಿತು, ಹಿಂದೆ ನೋಡಿದರೆ ಮುಂದಿನ ಸಾಲು ಆಳಕ್ಕೆ ಹೋಗಿದೆ, ಹಿಂದಿನದು ಮೇಲೆ ಮೇಲೆ ಸವರುತ್ತಿದೆ. ಟಾಪ್ ಲಿಂಕ್ ತುಂಬಾ ಗಿಡ್ಡ ಮಾಡಿಬಿಟ್ಟಿದ್ದೆ. ಎರಡು ಎರಡು ಸುತ್ತು ಬಿಚ್ಚುತ್ತಾ ಹೋದೆ, ನಾಲ್ಕನೇ ಸಲಕ್ಕೆ ಎರಡೂ ಸಾಲು ಒಂದೇ ಆಳಕ್ಕೆ ಬಂದವು, ಎಳೆಯುವುದೂ ನಿಂತಿತು. ಗ್ಯಾಂಗಿನ ಕೋನ ಮೊದಲು ಕಮ್ಮಿ ಇಟ್ಟು ಶುರು ಮಾಡಿ. ಕೋನ ಜಾಸ್ತಿ ಮಾಡಿದರೆ ಆಳಕ್ಕೇನೋ ಹೋಗುತ್ತದೆ, ಭಾರವೂ ಏರುತ್ತದೆ. ಮೊದಲ ಸಲ ಕಮ್ಮಿ ಕೋನದಲ್ಲಿ ಕೂಳೆ ಕತ್ತರಿಸಿ, ಎರಡನೇ ಸಲ ಅಡ್ಡಡ್ಡ ಜಾಸ್ತಿ ಕೋನದಲ್ಲಿ ಹೊಡೆದೆ. ಹೆಂಟೆ ಎಲ್ಲ ಪುಡಿಯಾಯಿತು. ತಿರುಗಿಸುವಾಗ ಹ್ಯಾರೋ ಎತ್ತಲೇಬೇಕು, ನೆಲದಲ್ಲಿ ಇಟ್ಟುಕೊಂಡೇ ತಿರುಗಿಸಿದರೆ ರಾಡು ಬಗ್ಗುತ್ತದೆ.

ಒಂದು ಗಾಬರಿಯೂ ಆಯಿತು. ಹ್ಯಾರೋ ಪೂರ್ತಿ ಎತ್ತಿಕೊಂಡು ಬದು ಹತ್ತಿಸಿದೆ, ಮುಂದಿನ ಚಕ್ರ ಎರಡೂ ನೆಲ ಬಿಟ್ಟವು. ಒಂದು ಕ್ಷಣ ಎದುರಿಗೆ ಬರೀ ಆಕಾಶ ಮತ್ತು ಬಾನೆಟ್. ಕ್ಲಚ್ ಒತ್ತಿದೆ, ಧಡ್ ಅಂತ ಕೂತಿತು. ಅಪ್ಪ ಕೂಗಿದ್ದು ಎಂಜಿನ್ ಸದ್ದಿನಲ್ಲೂ ಕೇಳಿಸಿತು. ಈಗ ಮುಂದೆ ಪಕ್ಕದ ಅಣ್ಣನ ಹತ್ತಿರ ಎರವಲು ತಂದ 80 ಕೆಜಿ ವೇಟ್ ಹಾಕಿದ್ದೇನೆ, ಬದು ದಾಟುವಾಗ ಹ್ಯಾರೋವನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತುತ್ತೇನೆ.

ಅದೇ ದಿನ ಮತ್ತೆ ಸೀಮೆಸುಣ್ಣ ಹಿಡಿದೆ. 10 ಸುತ್ತಿಗೆ 35.6 ಮೀಟರ್. ಜಾರುವುದು 9. ಇಳಿಜಾರಿನಲ್ಲೂ ಒಂದೇ ಗೇರ್‌ನಲ್ಲಿ ಹತ್ತಿತು. ಡೀಸೆಲ್ ಒಂದು ಸಲಕ್ಕೆ ಎಕರೆಗೆ ನಾಲ್ಕೂವರೆ ಲೀಟರ್ ಸುತ್ತ ಬರುತ್ತಿದೆ.

ಖರ್ಚು ಕೇಳುವವರಿಗೆ: ಹ್ಯಾರೋ 31,000, ಪಿಕಪ್ 3,500, ಜೆಸಿಬಿ 800, ಬೇರಿಂಗ್ ಮತ್ತು ಸೀಲ್ 3,400, ಸ್ಕ್ರೇಪರ್ ಕತ್ತರಿಸಿ ವೆಲ್ಡ್ ಮಾಡಿಸಿದ್ದು 1,300, ರಾಡು ನಟ್ಟು ಬೋಲ್ಟು 900, ಓಡಾಟದ ಪೆಟ್ರೋಲ್ 2,100, ಮಾಲೂರಿಗೆ ನೈವೇದ್ಯ 2,000. ಒಟ್ಟು 45,000. ಸಹಾಯಧನ ಸಿಕ್ಕಿದ್ದರೆ 34,000ಕ್ಕೆ ಹೊಸದೇ ಬರುತ್ತಿತ್ತು, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಕಾಯಲು ಆಗುವವರು ಅರ್ಜಿ ಹಾಕಿ ಕಾಯಿರಿ, ಅದೂ ಜನವರಿಯಲ್ಲಲ್ಲ, ಏಪ್ರಿಲ್‌ನಲ್ಲೇ ಹೋಗಿ ವಿಚಾರಿಸಿ. ನನ್ನ ಅರ್ಜಿ ಇನ್ನೂ ಅಲ್ಲೇ ಇದೆ. ಪಟ್ಟಿಯಲ್ಲಿ ಹೆಸರು ಬಂದರೆ ಏನು ಮಾಡುವುದು ಅಂತ ಅಪ್ಪನನ್ನು ಕೇಳಿದೆ. ರೋಟವೇಟರ್ ಅಂದರು. ಅದಕ್ಕೆ ಎಷ್ಟು ಎಚ್‌ಪಿ ಬೇಕು ಅಂತ ಮೊದಲು ನೋಡು ಅಂತ ಅವರೇ ಸೇರಿಸಿದರು.

ಆ 480ರ ತಟ್ಟೆ ಇನ್ನೂ ಬದಲಾಯಿಸಿಲ್ಲ, ಹೊಲದಲ್ಲಿ ಅದು ಹೋದ ದಾರಿ ಗೊತ್ತಾಗುತ್ತದೆ. ಹಿಂದಿನ ಗ್ಯಾಂಗಿನ ಎಡಗಡೆ ಬೇರಿಂಗ್ ಕೂಡ ಕೈಯಿಟ್ಟರೆ ಸ್ವಲ್ಪ ಬಿಸಿ. ಬರುವ ಭಾನುವಾರ ಎರಡನ್ನೂ ಬಿಚ್ಚಬೇಕು.